ಬಲಗಿವಿಯ ಪಕ್ಕದ ಸ್ಟೂಲು

ಸೇನಾ ಆಸ್ಪತ್ರೆಯ ಕಿವಿ ವಿಭಾಗದ ಕಿಟಕಿಯೊಳಗೆ ಕೂತಿದ್ದ ಗುಮಾಸ್ತ ಕಾಗದವನ್ನು ಎರಡು ಸಲ ಓದಿದ. ಟೈಲರಮ್ಮನ ಗಂಡನ ಮುಖವನ್ನು ಒಂದು ಸಲ ನೋಡಿದ. ಆಮೇಲೆ "ಎಡಗಿವಿ" ಅಂದ.

"ಬಲಗಿವಿ" ಎಂದಳು ಟೈಲರಮ್ಮ.

"ಕಾಗದದಲ್ಲಿ ಎಡ ಅಂತಿದೆ."

"ಕಾಗದಕ್ಕೆಲ್ಲಿ ಕಿವಿ ಇರತ್ತಪ್ಪ, ಇವರಿಗಿದೆ. ಬೇಕಾದ್ರೆ ಬಲಗಡೆ ನಿಂತು ಕೂಗಿ ನೋಡು."

ಗುಮಾಸ್ತ ಕೂಗಲಿಲ್ಲ. "ಅಮ್ಮ, ನಾವು ಕಾಗದದಲ್ಲಿರೋ ಕಿವಿಗೆ ಆಪರೇಷನ್ ಮಾಡ್ತೀವಿ, ತಲೆಗಂಟಿರೋ ಕಿವಿಗಲ್ಲ. ಸೇವೇಲಿದ್ದಾಗ ಪೆಟ್ಟಾದ ಕಿವಿಗೆ ಮಾತ್ರ ಇಲ್ಲಿ ಅವಕಾಶ. ಎಡಕ್ಕಾದ್ರೆ ಮುಂದಿನ ವಾರಾನೇ ಮಾಡಿಸ್ಬಹುದು. ಬಲಕ್ಕೇ ಬೇಕು ಅಂದ್ರೆ ದಾಖಲೆ ಕಚೇರಿಗೆ ಹೋಗಿ ತಿದ್ದಿಸ್ಕೊಂಡು ಬನ್ನಿ."

ಪಕ್ಕದಲ್ಲಿ ನಿಂತಿದ್ದ ಗಂಡ ಇಬ್ಬರ ತುಟಿಗಳನ್ನೂ ಸರದಿಯ ಮೇಲೆ ನೋಡುತ್ತ, ಯಾರೋ ಒಳ್ಳೆಯ ಮಾತಾಡಿದರೇನೋ ಎಂಬಂತೆ ನಗುತ್ತಿದ್ದ. ಆ ನಗು ಈಚಿನದು. ಕೇಳಿಸದ ಮಾತಿಗೆಲ್ಲ ಅದನ್ನೇ ಕೊಡುತ್ತಿದ್ದ, ಚಿಲ್ಲರೆ ಇಲ್ಲದ ಅಂಗಡಿಯವನು ಮಿಠಾಯಿ ಕೊಟ್ಟು ಕಳಿಸುವ ಹಾಗೆ.

ಬೀದಿಯವರಿಗೆಲ್ಲ ಅವನು ಫಿರಂಗಿ ಮಾವ. ಹನ್ನೊಂದು ವರ್ಷ ಫಿರಂಗಿ ದಳದಲ್ಲಿದ್ದವನು. ಯುದ್ಧದಲ್ಲಿ ಏನೂ ಆಗಲಿಲ್ಲ. ಅಭ್ಯಾಸದ ಮೈದಾನದಲ್ಲಿ ಒಂದು ಬೆಳಗ್ಗೆ, ಇನ್ನೂ ಒಂದು ಕಿವಿಗೆ ಮಾತ್ರ ಹತ್ತಿ ತುರುಕಿಕೊಂಡಿದ್ದಾಗ, ಬಲಗಡೆಯ ಫಿರಂಗಿ ಹೇಳದೆ ಕೇಳದೆ ಸಿಡಿಯಿತು. ಅಲ್ಲಿಗೆ ಸೇವೆಯೂ ಮುಗಿಯಿತು, ಬಲಗಿವಿಯೂ ಮುಗಿಯಿತು. ಮರುವರ್ಷ ಮದುವೆ. ಮೊದಲ ದಿನವೇ ಅವನು ಹೆಂಡತಿಗೆ ತಿಳಿಸಿದ್ದ: "ನೋಡು, ಈ ಕಡೆಯಿಂದ ಮಾತಾಡಿದ್ರೆ ಗೋಡೆಗೆ ಮಾತಾಡಿದ ಹಾಗೆ. ಆ ಕಡೆ ಬಾ."

ಬಿಡುಗಡೆಯ ಕಾಗದವನ್ನು ಅವನು ಹೆಸರು ಸರಿಯಾಗಿದೆಯೇ ಎಂದಷ್ಟೇ ನೋಡಿ ಟ್ರಂಕಿಗೆ ಹಾಕಿದ್ದ. ಅದರಲ್ಲಿ ಎಡಗಿವಿ ಎಂದಿರುವುದು ಮೂವತ್ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಬಿದ್ದಾಗಲೂ ಅವನಿಗೇನೂ ಅನ್ನಿಸಲಿಲ್ಲ. "ಯಾವುದಾದ್ರೇನು, ಒಂದು ಹೋಯ್ತು ಅಂತ ಬರೆದಿದಾರಲ್ಲ" ಅಂದಿದ್ದ.

ಆದರೆ ಈಗ ವ್ಯತ್ಯಾಸವಿತ್ತು. ಎಡಗಿವಿ ವಯಸ್ಸಿಗೆ ಸೋಲುತ್ತಿತ್ತು. ಹೋದ ವರ್ಷ ಬಾಗಿಲ ಗಂಟೆ ಹೋಯಿತು, ಆಮೇಲೆ ಫೋನಿನಲ್ಲಿ ಮಗಳ ದನಿ. ಕಿವಿಯ ಡಾಕ್ಟರು ಎಲ್ಲ ನೋಡಿ, ಎಡಗಿವಿಯ ನರ ಬಾಡಿದೆ, ಅದಕ್ಕೆ ಮದ್ದಿಲ್ಲ ಎಂದರು. ಬಲಗಿವಿಯದು ಬರೀ ಪೆಟ್ಟು, ಒಳಗಿನ ನರ ಹಾಗೇ ಇದೆ. ಕಿವಿಯ ಹಿಂದೆ ಮೂಳೆಯೊಳಗೆ ಒಂದು ಲೋಹದ ಚೂರು ಕೂಡಿಸಿ, ಮೇಲೆ ಕೋಟಿನ ಗುಂಡಿಯಷ್ಟು ಯಂತ್ರ ಅಂಟಿಸಿದರೆ ಆ ಕಿವಿ ಕೇಳಿಸುತ್ತದೆ. ಆ ಕೆಲಸ ಮಾಡುವುದು ಸೇನಾ ಆಸ್ಪತ್ರೆಯಲ್ಲಿ ಮಾತ್ರ.

ಕೋಟಿನ ಗುಂಡಿ ಎಂದಾಗ ಗಂಡ ಡಾಕ್ಟರ ತುಟಿ ಓದಿ, ಹೆಂಡತಿಯ ಕಡೆ ತಿರುಗಿ, "ನಿನ್ನ ಡಬ್ಬಿಯಿಂದಾನೇ ಒಂದು ಕೊಟ್ಟುಬಿಡು" ಎಂದು ದೊಡ್ಡದಾಗಿ ನಕ್ಕ. ಟೈಲರಮ್ಮ ನಗಲಿಲ್ಲ.

ಅದಕ್ಕೆ ಕಾರಣ ಒಂದು ಸ್ಟೂಲು.

ಮುಂದಿನ ಕೋಣೆಯ ಕಿಟಕಿಗೆ ಅವನ ಕುರ್ಚಿ. ಕುರ್ಚಿಯ ಬಲಕ್ಕೆ ಅವಳ ಹೊಲಿಗೆ ಮಿಷಿನ್ನು, ಮಿಷಿನ್ನಿನ ಮುಂದೆ ಕಾಲು ಸವೆದ ಸ್ಟೂಲು. ಬೆಳಕು ಆ ಕಡೆಯಿಂದ ಬರುತ್ತಿದ್ದುದರಿಂದ ಮಿಷಿನ್ನು ಅಲ್ಲಿ ಕೂತಿತೇ ಹೊರತು ಬೇರೆ ಉದ್ದೇಶವಿರಲಿಲ್ಲ. ಸಂಜೆ ಅವನು ರೇಡಿಯೋವನ್ನು ಎಡಗಿವಿಗೆ ಆನಿಸಿಕೊಂಡು ಬೀದಿ ನೋಡುತ್ತ ಕೂರುತ್ತಿದ್ದ. ಅವಳು ಬೀದಿಯವರ ಪ್ಯಾಂಟುಗಳ ಅಂಚು ಮಡಿಸುತ್ತ ಕೂರುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷ, ಒಂದು ಸಂಜೆ, ದಾರ ತುಂಡಾಗಿ ಮಿಷಿನ್ನು ನಿಂತಾಗ, ಅವಳ ಬಾಯಿಂದ ತಾನಾಗಿ ಒಂದು ಮಾತು ಪಿಸುದನಿಯಲ್ಲಿ ಹೊರಬಿತ್ತು: "ನನಗೆ ಈ ಮನೇಲಿ ಉಸಿರು ಕಟ್ಟತ್ತೆ." ಗಂಡ ತಿರುಗಲಿಲ್ಲ. ಅವನ ಬಲಗಿವಿ ಒಂದು ಮೊಳ ದೂರದಲ್ಲಿ, ಗೋಡೆಗೆ ಮೊಳೆ ಹೊಡೆದು ಮರೆತ ಚಿತ್ರದ ಹಾಗೆ ಸುಮ್ಮನಿತ್ತು. ಅವಳು ದಾರ ಪೋಣಿಸಿದಳು. ಆ ರಾತ್ರಿ ಮದುವೆಯಾದ ಮೇಲೆ ಮೊದಲ ಸಲ ಅವಳಿಗೆ ಗಾಢ ನಿದ್ದೆ ಬಂತು.

ಅಲ್ಲಿಂದ ಅಭ್ಯಾಸವಾಯಿತು. ತರಕಾರಿ, ನೀರಿನ ನಲ್ಲಿ, ನಾದಿನಿ ಬರುವ ದಿನ, ಇವೆಲ್ಲ ಎಡಗಿವಿಯ ಮಾತು. ಎದ್ದು ಹೋಗಿ ಆ ಕಡೆ ನಿಂತು ಹೇಳುತ್ತಿದ್ದಳು. ಉಳಿದದ್ದೆಲ್ಲ ಬಲಗಿವಿಯದು. ಮಗಳು ಹುಟ್ಟಿದ ಮೇಲೆ ಎರಡು ವರ್ಷ ತನಗೆ ಅವಳ ಮೇಲೆ ಪ್ರೀತಿಯೇ ಬರಲಿಲ್ಲ, ಬಂದವರ ಮುಂದೆ ನಟಿಸಿದೆ ಎಂದು ಹೇಳಿದ್ದು ಆ ಕಿವಿಗೆ. ಅಮ್ಮ ಸತ್ತ ಸುದ್ದಿ ಬಂದಾಗ ಅಳುವ ಮೊದಲು ಹಗುರವಾಯಿತು ಎಂದದ್ದು ಆ ಕಿವಿಗೆ. ಬಟ್ಟೆ ಅಂಗಡಿಯವನು ಅಳತೆ ಪಟ್ಟಿ ಕೊಡುವಾಗ "ನಿಮ್ಮ ಮಣಿಕಟ್ಟು ಚೆಂದ" ಎಂದದ್ದನ್ನು ಹನ್ನೊಂದು ವರ್ಷ ಜೋಪಾನವಾಗಿಟ್ಟುಕೊಂಡಿದ್ದಳು, ಅದನ್ನೂ ಹೇಳಿದ್ದಳು. ಒಂದು ದಿನ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು, ಯಾವ ಊರಿಗೆಂದು ನೋಡದೆ ಬಸ್ಸು ಹತ್ತಿ, ಮೂರನೆಯ ನಿಲ್ದಾಣದಲ್ಲಿ ಇಳಿದು ವಾಪಸು ಬಂದಿದ್ದಳು. ಇಸ್ತ್ರಿ ಪೆಟ್ಟಿಗೆ ಆರಿಸಿರಲಿಲ್ಲ ಎಂಬುದು ನೆನಪಾಗಿತ್ತು. ಇಸ್ತ್ರಿ ಪೆಟ್ಟಿಗೆ ಆರಿಯೇ ಇತ್ತು. ಅದನ್ನು ಮಾತ್ರ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಅವಳು ಮಾತು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಕೆಲವೊಮ್ಮೆ ರೇಡಿಯೋದ ಸದ್ದು ಕುಗ್ಗುತ್ತಿತ್ತು. ಸೆಲ್ಲು ಮುಗಿಯುತ್ತಿದೆ ಎಂದುಕೊಂಡು ತಿಂಗಳಿಗೊಮ್ಮೆ ಹೊಸದು ತಂದು ಹಾಕುತ್ತಿದ್ದಳು. ಅವನು ಬೇಡ ಅಂದದ್ದಿಲ್ಲ.

ಆ ಕಿವಿ ಕೇಳತೊಡಗಿದರೆ? ಅವಳಿಗೆ ಇಡೀ ಲೋಕದಲ್ಲಿ ಮಾತಾಡಲು ಇದ್ದ ಒಂದೇ ಜಾಗ ಅದು. ಹಾಗೆಂದು ಯಾವ ಕಿಟಕಿಯ ಗುಮಾಸ್ತನಿಗೆ ಹೇಳುವುದು?

ದಾಖಲೆ ಕಚೇರಿಗೆ ಅವಳು ಒಬ್ಬಳೇ ಹೋದಳು. ಗಂಡನನ್ನು ಕರೆದುಕೊಂಡು ಹೋದರೆ ಅವನ ನಗುವನ್ನು ಇನ್ನೊಂದು ಕಿಟಕಿಯ ಮುಂದೆ ನೋಡಬೇಕಾಗುತ್ತಿತ್ತು.

ಉದ್ದನೆಯ ಹಜಾರ. ಸೂರಿನವರೆಗೆ ಕಬ್ಬಿಣದ ಕಪಾಟು, ಕಪಾಟಿನ ತುಂಬ ದಾರ ಕಟ್ಟಿದ ಕಡತ. ಅವುಗಳ ನಡುವೆ ಒಂದು ಮೇಜು, ಮೇಜಿನ ಹಿಂದೆ ಇವಳದೇ ವಯಸ್ಸಿನ ಒಬ್ಬ ಹೆಂಗಸು. ಹಾಳೆ ಮಗುಚಲು ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡಿದ್ದಳು. ಸೂಜಿ ಚುಚ್ಚದಿರಲು ತಾನು ಹಾಕಿಕೊಳ್ಳುವಂಥದೇ ಎಂದು ಟೈಲರಮ್ಮನಿಗೆ ಸ್ವಲ್ಪ ಧೈರ್ಯ ಬಂತು.

ಕಡತದ ಹೆಂಗಸು ಬಿಡುಗಡೆಯ ವರ್ಷ ನೋಡಿದ್ದೇ ತಡ ಹಣೆ ಚಚ್ಚಿಕೊಂಡಳು. "ಅಯ್ಯೋ, ನಿಮ್ಮೋರೂ ಆ ಮಹಾನುಭಾವನ ಕೈಗೆ ಸಿಕ್ಕಿದಾರೆ!"

"ಯಾರ ಕೈಗೆ?"

"ಬನ್ನಿ, ತೋರಿಸ್ತೀನಿ."

ಅರ್ಧ ಗಂಟೆ ಏಣಿ ಹತ್ತಿ ಇಳಿದು ಒಂದು ಕಡತ ತಂದು ಬಿಚ್ಚಿದಳು. ಒಳಗೆ ವೈದ್ಯರ ಮೂಲ ಹಾಳೆ. ಅದರಲ್ಲಿ ಗೆರೆಯಲ್ಲಿ ಬರೆದ ಒಬ್ಬ ಮನುಷ್ಯ, ಬರಿಮೈ, ಕೈ ಚಾಚಿ, ಮುಖ ನಮ್ಮ ಕಡೆ ಮಾಡಿ ನಿಂತಿದ್ದ. ಅವನ ಒಂದು ಕಿವಿಯ ಮೇಲೆ ಶಾಯಿಯ ಅಡ್ಡಗೆರೆ.

"ಈ ಗುರುತು ಯಾವ ಕಡೆ ಇದೆ ಹೇಳಿ."

"ಎಡಗಡೆ... ಅಲ್ಲ, ತಾಳಿ. ಇವನು ನಮ್ಮ ಕಡೆ ತಿರುಗಿದಾನೆ. ನಮ್ಮ ಎಡ ಅಂದ್ರೆ ಅವನ ಬಲ."

"ನಿಮಗೆ ಒಂದು ನಿಮಿಷದಲ್ಲಿ ತಿಳೀತು. ಆ ಟೈಪಿಸ್ಟಿಗೆ ಎರಡು ವರ್ಷ ತಿಳೀಲಿಲ್ಲ. ಕಾಗದದ ಎಡಗಡೆ ಗೆರೆ ಇದ್ರೆ ಎಡ ಅಂತ ಕುಟ್ಟೋದು, ಬಲಗಡೆ ಇದ್ರೆ ಬಲ. ಎರಡು ವರ್ಷದ ಅಷ್ಟೂ ಜನ ಅದಲುಬದಲು! ಒಬ್ಬರಿಗೆ ಗಟ್ಟಿಮುಟ್ಟಾದ ಮೊಣಕಾಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ಕಳಿಸಿದ್ರು. ಇನ್ನೊಬ್ಬರದು ಎಡಗಣ್ಣು ಹೋಗಿತ್ತು, ಕಾಗದದಲ್ಲಿ ಬಲಗಣ್ಣು. ಅವರು ಚೆನ್ನಾಗಿರೋ ಕಣ್ಣಿಗೆ ಬಟ್ಟೆ ಕಟ್ಕೊಂಡು ಬಂದು, ಗೋಡೆ ತಡವರಿಸ್ತಾ, 'ಈಗ ಕಾಗದಕ್ಕೆ ಸರಿಹೋದ್ನಾ ತಾಯಿ?' ಅಂದ್ರು."

ಇಬ್ಬರೂ ನಕ್ಕರು. ಟೈಲರಮ್ಮನ ನಗು ಬೇಗ ನಿಂತಿತು. ಕೆಲಸ ಇಷ್ಟು ಸಲೀಸಾಗಿ ಆಗಿಬಿಡುವುದೇ?

ಆಗಲಿಲ್ಲ. ಡಾಕ್ಟರೇ ತಪ್ಪು ಕಡೆ ಗೆರೆ ಎಳೆದಿದ್ದರೆ ಎಂದು ಮೇಲಿನವರು ಕೇಳುತ್ತಾರಂತೆ. ಆ ಕಾಲದಿಂದ ಬಲ್ಲವರ ಹೇಳಿಕೆ ಬೇಕಂತೆ. "ಜೊತೆಗಿದ್ದ ಸಿಪಾಯಿಗಳು ಯಾರಾದ್ರೂ ಇದಾರಾ?"

"ಒಬ್ಬರು ತೀರಿಕೊಂಡ್ರು. ಇನ್ನೊಬ್ಬರಿಗೆ ಈಗ ತಮ್ಮ ಕಿವಿ ಎಲ್ಲಿದೆ ಅನ್ನೋದೇ ನೆನಪಿಲ್ಲ."

"ಹಾಗಾದ್ರೆ ಹೆಂಡತಿ ಬರೆದುಕೊಟ್ರೂ ನಡೆಯತ್ತೆ." ಕಡತದ ಹೆಂಗಸು ಒಂದು ನಮೂನೆ ಕೊಟ್ಟಳು. "ನಿಮ್ಮ ಕೈಯಾರೆ ಬರೀಬೇಕು. ಕೊನೇಲಿ ಅವರ ಸಹಿ ಇರಲಿ."

ಬಸ್ಸಿನಲ್ಲಿ ಕೂತು ಟೈಲರಮ್ಮ ಅದನ್ನು ಓದಿದಳು. ಹೆಸರು, ಸಂಬಂಧ, ಎಷ್ಟು ವರ್ಷದಿಂದ ಬಲ್ಲಿರಿ. ಆಮೇಲೆ ನಾಲ್ಕು ಖಾಲಿ ಗೆರೆಗಳ ಮೇಲೆ ಒಂದು ಪ್ರಶ್ನೆ: ಯಾವ ಕಿವಿ ಕೇಳಿಸುವುದಿಲ್ಲ, ಅದು ನಿಮಗೆ ಹೇಗೆ ಗೊತ್ತು?

ಮನೆಗೆ ಬಂದು ನಮೂನೆಯನ್ನು ಮಡಿಸಿ ಗುಂಡಿ ಡಬ್ಬಿಯೊಳಗಿಟ್ಟಳು. ಗಂಡ ಕೈ ಆಡಿಸಿ "ಏನಾಯ್ತು?" ಎಂದು ಕೇಳಿದಾಗ ಎಡಗಿವಿಗೆ ಬಾಯಿಟ್ಟು, "ಹುಡುಕ್ತಿದಾರೆ!" ಎಂದು ಕೂಗಿದಳು. ಸುಳ್ಳನ್ನು ಕೂಗಿ ಹೇಳುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಒಂದು ವಾರ ಹೋಯಿತು. ಇನ್ನೂ ಒಂದು ವಾರ. ಆ ದಿನಗಳಲ್ಲಿ ಅವಳು ಬಲಗಿವಿಗೆ ತುಂಬ ಮಾತಾಡಿದಳು, ಮುಚ್ಚಲಿರುವ ಅಂಗಡಿಗೆ ಜನ ನುಗ್ಗುವ ಹಾಗೆ. "ಕಾಗದ ಡಬ್ಬಿಯಲ್ಲಿದೆ, ನಾನೇ ಬಚ್ಚಿಟ್ಟಿದೀನಿ" ಎಂದೂ ಅದಕ್ಕೇ ಹೇಳಿದಳು. ಬೇರೆ ಯಾರಿಗೆ ಹೇಳಬೇಕಿತ್ತು?

ಮಗಳು ಫೋನ್ ಮಾಡಿದಳು. "ಅಮ್ಮ, ಅಪ್ಪಂಗೆ ನನ್ನ ಮೇಲೆ ಸಿಟ್ಟಾ? ಏನು ಹೇಳಿದ್ರೂ 'ಸರಿ ಮಗಳೇ, ಒಳ್ಳೇದಾಗ್ಲಿ' ಅಂತ ಫೋನ್ ಇಟ್ಬಿಡ್ತಾರೆ. ಕಾಲು ಮುರೀತು ಅಂದಿದ್ರೂ ಒಳ್ಳೇದಾಗ್ಲಿ ಅಂತಿದ್ರೇನೋ."

"ಸಿಟ್ಟಲ್ಲ ಕಣೇ. ಕೇಳಿಸಲ್ಲ."

"ಅದಕ್ಕೇ ತಾನೇ ಆಪರೇಷನ್ನು? ಆ ಕಾಗದ ಏನಾಯ್ತು?"

"ಹುಡುಕ್ತಿದಾರೆ" ಎಂದಳು ಟೈಲರಮ್ಮ. ಈ ಸಲ ಕೂಗುವ ಕಷ್ಟವಿರಲಿಲ್ಲ.

ಅದೇ ಸಂಜೆ ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದಳು. ಆರು ಗಂಟೆಗೆ ಸರಿಯಾಗಿ ಗಂಡ ರೇಡಿಯೋ ಎತ್ತಿ ಎಡಗಿವಿಗೆ ಆನಿಸಿಕೊಂಡ. ವಾರ್ತೆಯ ಹೊತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅವನು ರೇಡಿಯೋ ಹಾಕಿಯೇ ಇರಲಿಲ್ಲ. ಆರಿದ ರೇಡಿಯೋವನ್ನು ಕಿವಿಗೆ ಹಿಡಿದು, ವಾರ್ತೆ ಕೇಳುವವನ ಹಾಗೆ ಹುಬ್ಬು ಗಂಟಿಕ್ಕಿ, ಅರ್ಧ ಗಂಟೆ ಬೀದಿ ನೋಡಿದ. ಆರೂವರೆಗೆ ಅದನ್ನು ಕೆಳಗಿಟ್ಟು ಕೈ ಉಜ್ಜಿಕೊಂಡ. ಆಮೇಲೆ ಎದುರು ಮನೆಯವನು ಕಿಟಕಿಯ ಬಳಿ ಏನೋ ಹೇಳುತ್ತ ಹೋದಾಗ, ಆ ಮಿಠಾಯಿಯ ನಗು ಕೊಟ್ಟ.

ಅವಳ ಕೈಯ ಕತ್ತರಿ ನಿಂತಿತು. ಎಷ್ಟು ದಿನದಿಂದ ಹೀಗೆ? ತಾನು ಒಂದು ಮೊಳದ ಅಂತರದಲ್ಲಿ ಕೂತು ತನ್ನ ಒಂಟಿತನವನ್ನು ಹೊಲಿದು ಹೊಲಿದು ಜೋಡಿಸುತ್ತಿದ್ದಾಗ, ಪಕ್ಕದಲ್ಲಿ ಇನ್ನೊಬ್ಬನದು ಬೆಳೆಯುತ್ತಿತ್ತು. ಅದಕ್ಕೆ ಹೇಳಿಕೊಳ್ಳಲು ಒಂದು ಕಿವುಡು ಕಿವಿಯೂ ಇರಲಿಲ್ಲ.

ಮರುದಿನ ಬೆಳಗ್ಗೆ, ಪಾತ್ರೆ ತೊಳೆದು ಕೈ ಒರೆಸಿಕೊಂಡು, ಅವಳು ಗುಂಡಿ ಡಬ್ಬಿ ತೆರೆದಳು. ನಮೂನೆಯನ್ನು ಊಟದ ಮೇಜಿನ ಮೇಲೆ ಹರಡಿದಳು. ಹೆಸರು, ಸಂಬಂಧ, ವರ್ಷ ಬೇಗ ಮುಗಿದವು. ನಾಲ್ಕು ಗೆರೆಗಳ ಮುಂದೆ ಚಹಾ ತಣ್ಣಗಾಗುವವರೆಗೆ ಕೂತಳು. ಕೂಗಿದರೆ ಆ ಕಡೆ ತಿರುಗುವುದಿಲ್ಲ, ಆ ಕಡೆಯಿಂದ ಸೈಕಲ್ಲು ಬಂದರೆ ಗೊತ್ತಾಗುವುದಿಲ್ಲ ಎಂದು ಬರೆದರೂ ಆಗುತ್ತಿತ್ತು. ಆದರೆ ಪ್ರಶ್ನೆ ಕೇಳಿದ್ದು ನಿನಗೆ ಹೇಗೆ ಗೊತ್ತು ಎಂದು. ಅವಳನ್ನು ಯಾರೂ ಅಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಅವಳು ಬರೆದಳು:

"ಕೇಳಿಸದ ಕಿವಿ ಬಲಗಿವಿ. ಮೂವತ್ತೆರಡು ವರ್ಷದಿಂದ ಪ್ರತಿ ಸಂಜೆ ಆ ಕಿವಿಗೆ ಮಾತಾಡಿದ್ದೇನೆ. ಒಂದು ದಿನವೂ ಉತ್ತರ ಬಂದಿಲ್ಲ."

ಎರಡು ಗೆರೆ ಉಳಿದವು. ಅವನ್ನು ಹಾಗೇ ಬಿಟ್ಟಳು.

ಸಹಿಗೆಂದು ಗಂಡನ ಮುಂದೆ ಇಟ್ಟಾಗ ಅವನು ಕನ್ನಡಕ ಹುಡುಕಿದ. ಅವನು ಓದುವುದಿಲ್ಲ, ಬಿಡುಗಡೆಯ ಕಾಗದದ ಹಾಗೆ ಹೆಸರು ನೋಡಿ ಸಹಿ ಹಾಕುತ್ತಾನೆ ಎಂದುಕೊಂಡಿದ್ದಳು. ಅವನು ಓದಿದ. ಇನ್ನೊಂದು ಸಲ ಓದಿದ. ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದ.

"ಗೊತ್ತು" ಅಂದ.

ಟೈಲರಮ್ಮ ಎಡಗಡೆ ಹೋಗಿ ಬಗ್ಗಿ, "ಏನು ಗೊತ್ತು? ಏನು ಕೇಳಿಸ್ತು ನಿಮಗೆ?" ಎಂದು ಕೂಗಿದಳು.

"ಮಾತು ಕೇಳಿಸಲ್ಲ ಮಾರಾಯ್ತಿ. ಗುಂಯ್ ಅಂತ ಏನೋ ಒಂದು. ಮಿಷಿನ್ ಸದ್ದು ಬೇರೆ, ನಿಂದು ಬೇರೆ, ಅಷ್ಟು ಗೊತ್ತಾಗತ್ತೆ. ನೀನು ಮಾತಾಡುವಾಗ ರೇಡಿಯೋ ಸಣ್ಣ ಮಾಡ್ತಿದ್ದೆ."

"ಸೆಲ್ಲು ಮುಗೀತಿದೆ ಅಂದ್ಕೊಂಡು..."

"ಸೆಲ್ಲು ಸರಿಯಾಗೇ ಇರ್ತಿತ್ತು. ತೆಗೆದ ಸೆಲ್ಲೆಲ್ಲ ಟ್ರಂಕಲ್ಲಿದೆ. ಎಸೆಯೋಕೆ ಮನಸ್ಸಾಗ್ಲಿಲ್ಲ, ಹೊಸಾದು."

"ಮತ್ತೆ ನನ್ನ ಕಡೆ ಯಾಕೆ ತಿರುಗಲಿಲ್ಲ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಒಂದ್ಸಲ ತಿರುಗಿದ್ದೆ. ನಿನಗೆ ನೆನಪಿಲ್ಲ. 'ಏನಿಲ್ಲ, ಸೋಪು ಮುಗಿದಿದೆ' ಅಂತ ನೀನು ಹೇಳ್ದೆ. ನಿನ್ನ ಮುಖ ಬಿಳಿಚಿಕೊಂಡಿತ್ತು. ಒಂದು ತಿಂಗಳು ಆ ಕಡೆಯಿಂದ ಗುಂಯ್ ಅನ್ನಲಿಲ್ಲ. ಆಮೇಲೆ ನಾನು ತಿರುಗಲಿಲ್ಲ."

ಅವಳು ಕಾಗದ ಮಡಿಸಿಕೊಂಡು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಬಂದದ್ದು ಸಮಾಧಾನವಲ್ಲ, ಕೋಪವೂ ಅಲ್ಲ. ಬೀಗ ಹಾಕಿದ್ದೇನೆಂದುಕೊಂಡು ಬದುಕಿದ ಮನೆಯ ಬಾಗಿಲು ಚಿಲಕವಿಲ್ಲದೆ ಬರೀ ಮುಂದೆ ಮಾಡಿತ್ತು, ಹೊರಗಿನವನು ತಳ್ಳದೆ ನಿಂತಿದ್ದ, ಅಷ್ಟೇ. ಇಬ್ಬರೂ ಬಾಗಿಲಿನ ಎರಡು ಕಡೆ ಮುದುಕರಾಗಿದ್ದರು.

ಕಡತದ ಹೆಂಗಸು ಹೇಳಿಕೆಯನ್ನು ಓದಿ, ಬೆರಳಿನ ಟೋಪಿ ತೆಗೆದಿಟ್ಟು, ಟೈಲರಮ್ಮನ ಮುಖ ನೋಡಿದಳು. "ಮೇಲಿನೋರು ಇದನ್ನ ಓದಿ ಏನು ಅಂತಾರೋ" ಎಂದಳು. ಆಮೇಲೆ ಮೆಲ್ಲಗೆ, "ನಮ್ಮನೇಲಿ ಎರಡೂ ಕಿವಿ ಚೆನ್ನಾಗಿವೆ ಅಕ್ಕ. ಆದ್ರೂ ಏನು ಉಪಯೋಗ" ಎಂದು ಮೊಹರು ಒತ್ತಿದಳು.

ಎರಡು ತಿಂಗಳಿಗೆ ತಿದ್ದಿದ ಕಾಗದ ಬಂತು. ಎಡ ಎಂಬುದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಬಲ, ಅದರ ಕೆಳಗೆ ಯಾರದೋ ಚಿಕ್ಕ ಸಹಿ. ಕಿಟಕಿಯ ಗುಮಾಸ್ತ ಅದನ್ನು ನೋಡಿ, "ಈಗ ಸರಿಯಾಯ್ತು ನೋಡಿ ನಿಮ್ಮ ಕಿವಿ" ಎಂದ.

ಆಪರೇಷನ್ ಆಯಿತು. ಗಾಯ ಒಣಗಿತು. ಗುಂಡಿಯಷ್ಟಿರುವ ಯಂತ್ರವನ್ನು ಅಂಟಿಸಿಕೊಂಡ ಮೊದಲ ದಿನ ಗಂಡ ಮನೆಯೆಲ್ಲ ಓಡಾಡಿ ನಲ್ಲಿ ತಿರುಗಿಸಿದ, ಬಾಗಿಲು ಬಡಿದ, ಮಗಳಿಗೆ ಫೋನ್ ಮಾಡಿ ಮೂವತ್ತೈದು ನಿಮಿಷ ಮಾತಾಡಿದ. "ನಿನ್ನ ಚಪ್ಪಲಿ ಇಷ್ಟೊಂದು ಸದ್ದು ಮಾಡತ್ತಾ?" ಎಂದು ಹೆಂಡತಿಯನ್ನು ಕೇಳಿದ. ಅವಳು ಅವತ್ತಿನಿಂದ ಬರಿಗಾಲಲ್ಲಿ ಓಡಾಡಿದಳು.

ಆದರೆ ಸಂಜೆಗಳು ಮೌನವಾದವು. ಅವಳು ಅದೇ ಸ್ಟೂಲಿನ ಮೇಲೆ ಕೂತಳು. ಅವನು ಅದೇ ಕುರ್ಚಿಯಲ್ಲಿ ಕೂತ. ಮಿಷಿನ್ನು ನಿಂತಾಗೆಲ್ಲ ಅವನು ರೇಡಿಯೋ ಸಣ್ಣ ಮಾಡುತ್ತಿದ್ದ. ಅವಳು ಬಾಯಿ ತೆರೆದರೆ ಬರುತ್ತಿದ್ದದ್ದು, "ದಾರ ಮುಗೀತು."

"ನಾಳೆ ತರ್ತೀನಿ."

"ಬಿಳೀದು."

"ಸರಿ."

ಹೀಗೆ ಹದಿನೈದು ದಿನ. ಮನೆಯಲ್ಲಿ ಬಿಳಿ ದಾರದ ಉಂಡೆಗಳು ರಾಶಿಬಿದ್ದವು. ಅವಳಿಗೆ ಊಟ ಸೇರುತ್ತಿರಲಿಲ್ಲ. ತನ್ನದೇ ದನಿ ತನಗೆ ಪರಿಚಯ ತಪ್ಪಿದಂತಿತ್ತು.

ಹದಿನಾರನೆಯ ಸಂಜೆ ಮಿಷಿನ್ನು ನಿಂತಿತು. ಅವನು ರೇಡಿಯೋ ಸಣ್ಣ ಮಾಡಿ ಕಾದ. ಅವಳು ಸೂಜಿಗೆ ದಾರ ಪೋಣಿಸುತ್ತ ಕೂತಳು. ಆಗ ಅವನು ಕೈ ಎತ್ತಿ ಕಿವಿಯ ಹಿಂದಿನ ಯಂತ್ರವನ್ನು ಮೆಲ್ಲನೆ ಕಿತ್ತ. ಅವಳ ಕಡೆ ನೋಡದೆ ಅದನ್ನು ಗುಂಡಿ ಡಬ್ಬಿಯೊಳಗೆ, ಕೋಟಿನ ಗುಂಡಿಗಳ ಮಧ್ಯೆ ಇಟ್ಟ. ಮತ್ತೆ ಬೀದಿಯ ಕಡೆ ಮುಖ ಮಾಡಿ ಕೂತ.

ಆ ಕಿವಿ ಮೊದಲಿನ ಹಾಗೇ, ಒಂದು ಮೊಳ ದೂರದಲ್ಲಿ, ಗೋಡೆಯ ಹಾಗೆ ಇತ್ತು. ಅವಳ ಜಾಗ ಅವಳಿಗೆ ವಾಪಸು ಬಂದಿತ್ತು. ಏನು ಬೇಕಾದರೂ ಹೇಳಬಹುದಿತ್ತು. "ನನಗೆ..." ಎಂದು ಶುರು ಮಾಡಿದಳು. ಮುಂದೆ ಬರಲಿಲ್ಲ. ಗೋಡೆ ಅಂದುಕೊಂಡಾಗ ಬಂದದ್ದು, ಗೋಡೆಯಾಗಿ ನಿಂತಿರುವ ಮನುಷ್ಯನನ್ನು ನೋಡಿದಾಗ ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬೀದಿಯಲ್ಲಿ ಯಾರೋ ಏನೋ ಹೇಳುತ್ತ ಹೋದರು. ಅವನು ನಕ್ಕ, ಆ ಹಳೆಯ ನಗು.

ಅವಳು ಡಬ್ಬಿಯಲ್ಲಿ ಕೈಯಾಡಿಸಿ ಯಂತ್ರವನ್ನು ಹುಡುಕಿದಳು. ಅದಕ್ಕಂಟಿದ್ದ ದಾರದ ಎಳೆಯನ್ನು ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವನು ಅವಳನ್ನೇ ನೋಡುತ್ತ ಅದನ್ನು ಅಂಟಿಸಿಕೊಂಡ. ಅದು ಒಮ್ಮೆ ಕೀಂಯ್ ಎಂದು ಸುಮ್ಮನಾಯಿತು.

"ಒಂದಿನ ಇಸ್ತ್ರಿ ಪೆಟ್ಟಿಗೆ ಆರಿಸೋದು ಮರೆತಿದ್ದೆ" ಎಂದಳು ಟೈಲರಮ್ಮ.

"ಯಾವತ್ತು?"

"ಬಹಳ ಹಿಂದೆ. ಮಗಳು ಶಾಲೆಗೆ ಹೋಗ್ತಿದ್ಲು ಆಗ."

"ಮನೆಗೇನೂ ಆಗ್ಲಿಲ್ವಲ್ಲ."

"ಇಲ್ಲ. ನೆನಪಾಯ್ತು. ವಾಪಸ್ ಬಂದೆ."

ಅವನು ಕೈ ಚಾಚಿ ರೇಡಿಯೋವನ್ನು ಪೂರ್ತಿ ಆರಿಸಿದ. ಹೊರಗೆ ಬೆಳಕಿನ್ನೂ ಇತ್ತು. ಅವಳು ಮಿಷಿನ್ನಿನ ಗಾಲಿಯ ಮೇಲೆ ಕೈಯಿಟ್ಟಳು, ತಿರುಗಿಸಲಿಲ್ಲ.

"ಎಲ್ಲಿಂದ?" ಎಂದು ಅವನು ಕೇಳಿದ.